ನೀರು ಸುರಿಯುವ ಒಣಗಣ್ಣು

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಖಾನಾಪುರವಿದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯೂ ಈ ತಾಲ್ಲೂಕಿಗೇ ಸೇರಿದೆ. ಸಹ್ಯಾದ್ರಿಯ ಮೋಡಗಳು ಆಷಾಢದಲ್ಲಿ ಒಮ್ಮೆ ಈ ನಾಡಿನ ಮೇಲೆ ಕವಿದವೆಂದರೆ ಎಷ್ಟೋ ದಿನ ಬಿಸಿಲಿನ ಮುಖ ಕಾಣುವುದಿಲ್ಲ. ಹಗ್ಗದ ಮೇಲಿನ ಬಟ್ಟೆ ಒಣಗದು. ಡಬ್ಬಿಯೊಳಗಿನ ಉಪ್ಪು ನೀರೊಡೆಯುವುದು. ಬೆಂಕಿಕಡ್ಡಿ ಗೀರಿದರೆ ಹೊತ್ತದು. ಇಂತಹ ಊರಿನಲ್ಲಿ, ಇಂತಹ ಮಾಸದಲ್ಲಿ, ಒಬ್ಬರ ಕಣ್ಣು ಮಾತ್ರ ಒಣಗಿದೆಯೆಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ?

ನಾವೂ ನಂಬಿರಲಿಲ್ಲ. ಖಾನಾಪುರದಲ್ಲಿರುವ ನಮ್ಮ ತಾಯಿಯವರಿಗೆ ಈಗ 68 ವರ್ಷ. ಕಳೆದ ಮಳೆಗಾಲದಲ್ಲಿ ನಾವು ಬೆಳಗಾವಿಯಿಂದ ಊರಿಗೆ ಹೋದಾಗ ಅವರು ಸೆರಗಿನ ತುದಿಯಿಂದ ಮೇಲಿಂದ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡೆವು. ಏಕೆಂದು ಕೇಳಿದ್ದಕ್ಕೆ, “ಅಳಾಕ ಏನೂ ಕಾರಣಿಲ್ಲೋ ತಮ್ಮಾ, ಆದ್ರೂ ಕಣ್ಣಾಗ ನೀರು ಬರತಾವ. ಒಳಗ ಉಸುಕು ಹೊಕ್ಕಂಗ ಚುಚ್ಚತೈತಿ,” ಎಂದರು. ಸಂಜೆಯ ಹೊತ್ತಿಗೆ ಕಣ್ಣು ಕೆಂಪಗಾಗುತ್ತಿತ್ತು. ಪುಸ್ತಕ ಹಿಡಿದು ಕುಳಿತರೆ ನಾಲ್ಕು ಸಾಲು ಮುಗಿಯುವುದರೊಳಗೆ ಅಕ್ಷರಗಳು ಮಂಜಾಗುತ್ತಿದ್ದವು. ರೆಪ್ಪೆ ಬಡಿದರೆ ಮತ್ತೆ ಸ್ಪಷ್ಟವಾಗುತ್ತಿದ್ದವು. ನೆರೆಹೊರೆಯವರು “ಮೋತಿಬಿಂದು” ಎಂದು ತೀರ್ಮಾನಿಸಿದ್ದರು. ಔಷಧದಂಗಡಿಯೊಂದರಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಕೊಟ್ಟ ಕಣ್ಣಿನ ಹನಿಯ ಶೀಶೆಯೊಂದು ಮನೆಗೆ ಬಂದಿತ್ತು. ಹನಿ ಹಾಕಿದ ದಿನ ಕೆಂಪು ಇಳಿಯುವುದು, ಬಿಟ್ಟ ದಿನ ಮರಳುವುದು. ಹೀಗೆ ಎರಡು ತಿಂಗಳು ಕಳೆದಿದ್ದವು.

ಬೆಳಗಾವಿಗೆ ಕರೆತಂದು ನೇತ್ರವೈದ್ಯರಿಗೆ ತೋರಿಸಿದಾಗ ಅವರು ಹೇಳಿದ್ದು ಎರಡೇ ಮಾತು. “ಇದು ಒಣಗಣ್ಣು” ಎಂಬುದು ಮೊದಲನೆಯದು. “ಈ ಹನಿಯನ್ನು ಇಂದೇ ನಿಲ್ಲಿಸಿರಿ” ಎಂಬುದು ಎರಡನೆಯದು.

ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುವವರೇ ಹೊರತು ವೈದ್ಯರಲ್ಲ. ಆದರೂ ನೀರು ಸುರಿಯುವ ಕಣ್ಣು ಒಣಗಿರುವುದು ಹೇಗೆ, ಅದೂ ಮಳೆಗಾಲದ ಖಾನಾಪುರದಲ್ಲಿ, ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ ಅದರ ಹೆಚ್ಚಿನ ಭಾಗವು ನಾವು ತರಗತಿಯಲ್ಲಿ ಹೇಳಿಕೊಡುವ ಪಾಠಗಳಲ್ಲಿಯೇ ಇರುವುದು ಕಂಡುಬಂದಿತು. ಆವಿಯಾಗುವಿಕೆ, ಮೇಲ್ಮೈ ಎಳೆತ, ವಕ್ರೀಭವನ—ಇವನ್ನು ಬಲ್ಲ ವಿದ್ಯಾರ್ಥಿಗೆ ಒಣಗಣ್ಣಿನ ಮರ್ಮ ತಿಳಿಯುವುದು ಕಷ್ಟವಲ್ಲ. ಮರ್ಮ ತಿಳಿದರೆ ಉಪಶಮನದ ದಾರಿಯೂ ತಿಳಿಯುತ್ತದೆ.

ಕಣ್ಣೀರು ಬರಿಯ ನೀರಲ್ಲ

ಅತ್ತಾಗ ಮಾತ್ರ ಕಣ್ಣಿನಲ್ಲಿ ನೀರಿರುತ್ತದೆಂದು ತಿಳಿಯುವುದು ತಪ್ಪು. ನಾವು ಎಚ್ಚರವಾಗಿರುವ ಪ್ರತಿ ಕ್ಷಣವೂ ಕಣ್ಣಿನ ಮುಂಭಾಗವನ್ನು ಕಣ್ಣೀರಿನ ಒಂದು ತೆಳುವಾದ ಪದರ ಹೊದ್ದುಕೊಂಡಿರುತ್ತದೆ. ಇದರ ದಪ್ಪ ಸುಮಾರು 3 ಮೈಕ್ರೊಮೀಟರು, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರು ಭಾಗ. ಇಂತಹ ಇಪ್ಪತ್ತಕ್ಕೂ ಹೆಚ್ಚು ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ತಲೆಗೂದಲಿನ ದಪ್ಪವಾದೀತು. ಒಂದು ಕಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಕಣ್ಣೀರು ಒಟ್ಟು 7 ಮೈಕ್ರೊಲೀಟರು ಮಾತ್ರ. ಔಷಧದ ಶೀಶೆಯಿಂದ ಬೀಳುವ ಒಂದೇ ಹನಿ ಇದರ ನಾಲ್ಕೈದು ಪಟ್ಟು ಇರುತ್ತದೆ.

ಇಷ್ಟು ತೆಳುವಾದ ಪದರದಲ್ಲಿ ಮೂರು ಬಗೆಯ ದ್ರವ್ಯಗಳು ಕೆಲಸ ಮಾಡುತ್ತವೆ: ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆ.

ಲೋಳೆಯ ಕೆಲಸವೇನು? ಜಿಡ್ಡು ಹತ್ತಿದ ಸ್ಟೀಲಿನ ತಟ್ಟೆಯ ಮೇಲೆ ನೀರು ಹನಿಸಿ ನೋಡಿರಿ. ನೀರು ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ. ಅದೇ ತಟ್ಟೆಯನ್ನು ಚೆನ್ನಾಗಿ ತಿಕ್ಕಿ ತೊಳೆದರೆ ನೀರು ತೆಳುವಾಗಿ ಹರಡಿಕೊಳ್ಳುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಗೋಡೆಯಾದ ಕಾರ್ನಿಯದ ಮೇಲೆ ನೀರು ಮಣಿಗಟ್ಟದೆ ಸಮವಾಗಿ ಹರಡುವಂತೆ ಮಾಡುವುದು ಈ ಲೋಳೆ. ಇದು ನೀರಿನ ಭಾಗದೊಳಗೂ ಬೆರೆತುಕೊಂಡಿರುತ್ತದೆ. ನೀರಿನ ಹೆಚ್ಚಿನ ಪಾಲನ್ನು ಹುಬ್ಬಿನ ಕೆಳಗೆ, ಹೊರಮೂಲೆಯಲ್ಲಿ ಅಡಗಿರುವ ಅಶ್ರುಗ್ರಂಥಿ ಒದಗಿಸುತ್ತದೆ. ಅದರಲ್ಲಿ ಲವಣಗಳೂ, ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳೂ ಇವೆ.

ಇನ್ನು ಎಣ್ಣೆ. ಮೇಲಿನ ರೆಪ್ಪೆಯೊಳಗೆ ಸುಮಾರು ಮೂವತ್ತು, ಕೆಳಗಿನ ರೆಪ್ಪೆಯೊಳಗೆ ಅದಕ್ಕಿಂತ ಸ್ವಲ್ಪ ಕಡಿಮೆ ಸಂಖ್ಯೆಯ ತೈಲಗ್ರಂಥಿಗಳು ಸಾಲಾಗಿ ನಿಂತಿವೆ. ಜರ್ಮನಿಯ ಹೈನ್ರಿಖ್ ಮೈಬೋಮ್ ಎಂಬ ವೈದ್ಯನು 1666ರಲ್ಲಿ ಇವನ್ನು ವಿವರವಾಗಿ ವರ್ಣಿಸಿದುದರಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು ಬಂದಿದೆ. ಇವುಗಳ ಬಾಯಿಗಳು ರೆಪ್ಪೆಯ ಅಂಚಿನಲ್ಲಿ, ರೆಪ್ಪೆಗೂದಲುಗಳ ಬುಡದ ಒಳಮಗ್ಗುಲಲ್ಲಿ ತೆರೆದುಕೊಳ್ಳುತ್ತವೆ. ನಾವು ರೆಪ್ಪೆ ಬಡಿದಾಗಲೆಲ್ಲ ಸ್ವಲ್ಪ ಎಣ್ಣೆ ಹಿಂಡಿ ಹೊರಬಂದು, ರೆಪ್ಪೆ ಮೇಲೇಳುವಾಗ ನೀರಿನ ಮೇಲೆ ಸಾರಿಸಿದಂತೆ ಹರಡುತ್ತದೆ. ಈ ಎಣ್ಣೆಯ ಪದರ ಒಂದು ಮೈಕ್ರೊಮೀಟರಿನ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿರುವುದು ಅಪರೂಪ. ಮಳೆಗಾಲದ ರಸ್ತೆಯಲ್ಲಿ ವಾಹನದ ಎಣ್ಣೆ ಚೆಲ್ಲಿದಲ್ಲಿ ಕಾಣುವ ಬಣ್ಣಗಳನ್ನು ನೀವು ನೋಡಿದ್ದೀರಿ. ವೈದ್ಯರು ಉಪಕರಣದ ಮೂಲಕ ನೋಡುವಾಗ ಕಣ್ಣೀರಿನ ಮೇಲೂ ಅಂಥವೇ ವರ್ಣಗಳನ್ನು ಕಂಡು, ವ್ಯತಿಕರಣದ ನಿಯಮದಿಂದ ಎಣ್ಣೆಯ ದಪ್ಪವನ್ನು ಅಂದಾಜು ಮಾಡಬಲ್ಲರು.

ಈ ಪದರದಿಂದ ದೃಷ್ಟಿಗೂ ಉಪಕಾರವಿದೆ. ಕಣ್ಣಿನ ಒಟ್ಟು ಮಸೂರಶಕ್ತಿ ಸುಮಾರು 60 ಡಯಾಪ್ಟರು; ಅದರಲ್ಲಿ 43ರಷ್ಟು ಕಾರ್ನಿಯದ್ದೇ. ಬೆಳಕು ಗಾಳಿಯಿಂದ ಕಣ್ಣನ್ನು ಹೊಗುವಾಗ ಮೊದಲು ಬಾಗುವುದು ಕಣ್ಣೀರಿನ ಮೇಲ್ಮೈಯಲ್ಲಿ. ಆ ಮೇಲ್ಮೈ ನುಣುಪಾಗಿದ್ದರೆ ಬಿಂಬ ಸ್ಪಷ್ಟ. ಅದು ಅಲ್ಲಲ್ಲಿ ಹರಿದರೆ ಬಿಂಬ ಮಂಜು. ನಮ್ಮ ತಾಯಿಯವರಿಗೆ ರೆಪ್ಪೆ ಬಡಿದೊಡನೆ ಅಕ್ಷರ ತಿಳಿಯಾಗುತ್ತಿದ್ದುದರ ಕಾರಣ ಇದೇ. ಮೋತಿಬಿಂದುವಿನ ಮಂಜು ರೆಪ್ಪೆ ಬಡಿದರೆ ಹೋಗುವಂಥದಲ್ಲ. ಅದು ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದರಿಂದ ಬಂದದ್ದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರುಗಳಲ್ಲಿ ಶಿಬಿರ ನಡೆಸಿ ಅಸಂಖ್ಯ ಜನರ ಕಣ್ಣಿನ ಪೊರೆಯನ್ನು ತೆಗೆದ ಮೇಲೆ ನಮ್ಮ ಕಡೆಯ ಜನ ಮೋತಿಬಿಂದುವನ್ನು ಚೆನ್ನಾಗಿ ಅರಿತರು. ಆದರೆ ಮುದುಕರ ಕಣ್ಣಿನ ತೊಂದರೆಯೆಲ್ಲವೂ ಮೋತಿಬಿಂದುವೇ ಎಂದು ಬಗೆಯುವ ರೂಢಿಯೂ ಉಳಿದುಬಿಟ್ಟಿದೆ.

ಎರಡು ತಟ್ಟೆಗಳ ಪ್ರಯೋಗ

ಎಣ್ಣೆ ಅಷ್ಟು ತೆಳುವಾಗಿದ್ದರೂ ಅದರ ಮಹತ್ತ್ವವೇನು? ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ 50 ಮಿಲಿಲೀಟರಿನಂತೆ ನೀರು ಹಾಕಿರಿ. ಒಂದರ ಮೇಲೆ ಮೇಲ್ಮೈಯೆಲ್ಲ ಮುಚ್ಚುವಷ್ಟು ಎಣ್ಣೆ ಸುರಿಯಿರಿ. ಎರಡನ್ನೂ ತೂಗಿ, ಒಂದೇ ಕಡೆ ಇಟ್ಟು, ಮರುದಿನ ಮತ್ತೆ ತೂಗಿರಿ. ತೆರೆದ ತಟ್ಟೆ ಹಗುರವಾಗಿರುತ್ತದೆ. ಎಣ್ಣೆಯ ತಟ್ಟೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ.

ಇದೇ ತತ್ತ್ವವನ್ನು ಕೆರೆಗಳ ಮೇಲೂ ಪ್ರಯೋಗಿಸಿ ನೋಡಿದ್ದಾರೆ. 1950ರ ದಶಕದಲ್ಲಿ ಆಸ್ಟ್ರೇಲಿಯದ ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಯು ಜಲಾಶಯದ ನೀರಿನ ಮೇಲೆ ಒಂದು ಅಣುವಿನಷ್ಟೇ ದಪ್ಪದ ಮೇಣದಂತಹ ಪದಾರ್ಥವನ್ನು ಹರಡಿ, ನೀರು ಆವಿಯಾಗುವುದನ್ನು ತಗ್ಗಿಸಬಹುದೆಂದು ತೋರಿಸಿದನು. ಕೆರೆಯ ಮೇಲೆ ಗಾಳಿ ಬೀಸಿದರೆ ಆ ಪೊರೆ ಚದುರಿಹೋಗುವುದೇ ತೊಡಕು. ಕಣ್ಣಿನಲ್ಲಿ ಆ ತೊಡಕಿಲ್ಲ; ಅಲ್ಲಿ ನಿಮಿಷಕ್ಕೆ ಹದಿನೈದರಷ್ಟು ಬಾರಿ ಪೊರೆಯನ್ನು ಹೊಸದಾಗಿ ಹಾಸುವ ರೆಪ್ಪೆಯಿದೆ.

1961ರಲ್ಲಿ ಮಿಶಿಮ ಮತ್ತು ಮಾರಿಸ್ ಎಂಬಿಬ್ಬರು ಮೊಲದ ಕಣ್ಣಿನಿಂದ ಈ ಎಣ್ಣೆಯ ಪದರವನ್ನು ನಿವಾರಿಸಿ ಅಳೆದಾಗ, ನೀರು ಆವಿಯಾಗುವ ವೇಗ ಹತ್ತು ಪಟ್ಟಿಗಿಂತಲೂ ಹೆಚ್ಚಾಯಿತು. ಎಣ್ಣೆಯ ಪದರವಿಲ್ಲದ ಮನುಷ್ಯರ ಕಣ್ಣಿನಲ್ಲಿ ಈ ವೇಗ ಸುಮಾರು ನಾಲ್ಕು ಪಟ್ಟು ಎಂದು 1997ರಲ್ಲಿ ಪ್ರಕಟವಾದ ಅಳತೆಗಳು ತಿಳಿಸಿದವು.

ಒಂದು ಲೆಕ್ಕ

ಈಗ ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನೀರು ಆವಿಯಾಗುವ ವೇಗವು ನೀರಿನ ಮೇಲ್ಮೈಯಲ್ಲಿರುವ ಸಂತೃಪ್ತ ಬಾಷ್ಪದ ಒತ್ತಡಕ್ಕೂ ಸುತ್ತಲಿನ ಗಾಳಿಯಲ್ಲಿರುವ ಬಾಷ್ಪದ ಒತ್ತಡಕ್ಕೂ ಇರುವ ಅಂತರವನ್ನು ಅನುಸರಿಸುತ್ತದೆ. ಕಣ್ಣಿನ ಮೇಲ್ಮೈ ಸುಮಾರು 34 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುತ್ತದೆ. ಆ ಉಷ್ಣತೆಯಲ್ಲಿ ಸಂತೃಪ್ತ ಬಾಷ್ಪದ ಒತ್ತಡ ಪಾದರಸದ 40 ಮಿಲಿಮೀಟರು.

ಬೆಳಗಾವಿಯ ಮಾರ್ಚ್ ತಿಂಗಳಿನ ಒಂದು ಮಧ್ಯಾಹ್ನವನ್ನು ಎಣಿಸಿರಿ. ಕೋಣೆಯ ಉಷ್ಣತೆ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 30 ಎಂದಿಟ್ಟುಕೊಳ್ಳೋಣ. 30 ಡಿಗ್ರಿಯಲ್ಲಿ ಸಂತೃಪ್ತ ಒತ್ತಡ ಸುಮಾರು 32; ಅದರ ಶೇಕಡ 30 ಎಂದರೆ ಹತ್ತಿರ ಹತ್ತಿರ 10. ಅಂತರ 40–10, ಅಂದರೆ 30. ಇನ್ನು ಜುಲೈ ತಿಂಗಳಿನ ಖಾನಾಪುರ: ಉಷ್ಣತೆ 24 ಡಿಗ್ರಿ, ಆರ್ದ್ರತೆ ಶೇಕಡ 90. ಸಂತೃಪ್ತ ಒತ್ತಡ 22. ಅದರ ಶೇಕಡ 90 ಎಂದರೆ 20. ಅಂತರ 40–20, ಅಂದರೆ 20.

ಈ ಫಲಿತಾಂಶವನ್ನು ಗಮನಿಸಿರಿ. ಕಣ್ಣು ಗಾಳಿಗಿಂತ ಬೆಚ್ಚಗಿರುವುದರಿಂದ ಜಡಿಮಳೆಯ ದಿನವೂ ಕಣ್ಣೀರು ಆವಿಯಾಗುತ್ತಲೇ ಇರುತ್ತದೆ. ಬೇಸಗೆಯ ಬೆಳಗಾವಿಗೂ ಮಳೆಗಾಲದ ಖಾನಾಪುರಕ್ಕೂ ಇರುವ ಅಂತರ ಒಂದೂವರೆ ಪಟ್ಟು ಮಾತ್ರ. ಎಣ್ಣೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವಾದರೋ ನಾಲ್ಕು ಪಟ್ಟು! ಎಣ್ಣೆ ಕೆಟ್ಟ ಕಣ್ಣಿಗೆ ಊರಿನ ತೇವ ಪೂರ್ತಿಯಾಗಿ ರಕ್ಷಣೆ ಕೊಡಲಾರದು.

ಇದರ ಮೇಲೆ ಗಾಳಿಯ ಬೀಸು. ಬೀಸುವ ಗಾಳಿ ಕಣ್ಣಿನ ಹತ್ತಿರದ ತೇವಗಾಳಿಯನ್ನು ಒಯ್ದು ಒಣಗಾಳಿಯನ್ನು ತರುತ್ತದೆ. ನಮ್ಮ ಮನೆಯಲ್ಲಿ ಆಗ ಬಟ್ಟೆ ಒಣಗಲೆಂದು ನಡುಮನೆಯಲ್ಲಿ ಹಗಲೆಲ್ಲ ಫ್ಯಾನು ತಿರುಗುತ್ತಿತ್ತು. ತಾಯಿಯವರು ಓದಲು ಕೂಡುತ್ತಿದ್ದುದು ಅದರ ಕೆಳಗೆಯೇ. ಬಟ್ಟೆಯನ್ನು ಒಣಗಿಸುತ್ತಿದ್ದ ಗಾಳಿ ಕಣ್ಣನ್ನೂ ಒಣಗಿಸುತ್ತಿತ್ತು. ಅಡುಗೆಗೆ ಗ್ಯಾಸು ಬಂದಿದ್ದರೂ ಸ್ನಾನದ ನೀರಿಗೆ ಇನ್ನೂ ಬಚ್ಚಲೊಲೆಯೇ. ಮಳೆಗಾಲದ ಹಸಿಕಟ್ಟಿಗೆಯ ಹೊಗೆ ಬೇರೆ.

ವಯಸ್ಸಾದಂತೆ ಆಗುವುದೇನು?

ವಯಸ್ಸು ಏರಿದಂತೆ ರೆಪ್ಪೆಯ ತೈಲಗ್ರಂಥಿಗಳಲ್ಲಿ ಕೆಲವು ಬತ್ತುತ್ತವೆ. ಉಳಿದವುಗಳ ಎಣ್ಣೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಭರಣಿಯೊಳಗಿನ ತುಪ್ಪ ಹೆಪ್ಪುಗಟ್ಟುವುದನ್ನು ನೆನೆಯಿರಿ. ಆರೋಗ್ಯವಂತರ ಕಣ್ಣಿನ ಎಣ್ಣೆ 28ರಿಂದ 32 ಡಿಗ್ರಿಯ ನಡುವೆ ಕರಗತೊಡಗುವುದರಿಂದ ರೆಪ್ಪೆಯ ಸಹಜವಾದ ಬಿಸಿಗೆ ಅದು ದ್ರವವಾಗಿರುತ್ತದೆ. ಗ್ರಂಥಿ ಕೆಟ್ಟಾಗ ಎಣ್ಣೆಯ ಘಟಕಗಳು ಬದಲಾಗಿ, ಕರಗಲು ಇನ್ನೂ ಹೆಚ್ಚಿನ ಬಿಸಿ ಬೇಕಾಗುತ್ತದೆ. ಅದು ಗ್ರಂಥಿಯ ಬಾಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಅಶ್ರುಗ್ರಂಥಿಯ ನೀರೂ ಕೆಲವರಲ್ಲಿ ಕಡಿಮೆಯಾಗುತ್ತದೆ. ಮುಟ್ಟು ನಿಂತ ಬಳಿಕ ಹಾರ್ಮೋನುಗಳ ಬದಲಾವಣೆಯಿಂದ ಸ್ತ್ರೀಯರಲ್ಲಿ ಈ ತೊಂದರೆ ಹೆಚ್ಚು. ಮಧುಮೇಹ, ಥೈರಾಯ್ಡ್ ರೋಗ, ಸಂಧಿವಾತ ಇವೂ ಕಾರಣವಾಗುತ್ತವೆ. ಅಲರ್ಜಿಗೆ, ಖಿನ್ನತೆಗೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಣ್ಣು ಒಣಗಬಹುದು.

ಎಣ್ಣೆ ಸಾಲದಿದ್ದಾಗ ನೀರು ಬೇಗ ಆವಿಯಾಗುತ್ತದೆ. ಲವಣ ಹಿಂದೆ ಉಳಿಯುತ್ತದೆ. ಪದರ ಅಲ್ಲಲ್ಲಿ ಹರಿದು, ಉಳಿದ ನೀರು ಉಪ್ಪಾಗಿ, ಕಾರ್ನಿಯದ ಸೂಕ್ಷ್ಮ ನರಗಳನ್ನು ಚುಚ್ಚುತ್ತದೆ. ನರಗಳು ಮಿದುಳಿಗೆ ದೂರು ಕೊಡುತ್ತವೆ. ಉಳ್ಳಾಗಡ್ಡಿ ಹೆಚ್ಚುವಾಗ ಹೇಗೋ ಹಾಗೆಯೇ ಮಿದುಳು ಅಶ್ರುಗ್ರಂಥಿಗೆ ಆಜ್ಞೆ ಮಾಡುತ್ತದೆ. ಒಮ್ಮೆಲೇ ನೀರು ಉಕ್ಕಿ ಕೆನ್ನೆಯ ಮೇಲೆ ಹರಿಯುತ್ತದೆ. ಆದರೆ ಆ ನೀರನ್ನು ಹಿಡಿದಿಡಲು ಬೇಕಾದ ಎಣ್ಣೆ ಅದರೊಡನೆ ಬರುವುದಿಲ್ಲ. ಹೆಚ್ಚಾದುದು ಹೊರಗೆ ಚೆಲ್ಲಿ, ಉಳಿದುದು ಕೆಲವೇ ಕ್ಷಣಗಳಲ್ಲಿ ಆವಿಯಾಗಿ ಕಣ್ಣು ಮತ್ತೆ ಒಣಗುತ್ತದೆ. ಒಡ್ಡು ಒಡೆದ ಕೆರೆಗೆ ಎಷ್ಟು ನೀರು ಬಂದರೇನು? ನೀರು ಸುರಿಯುವ ಒಣಗಣ್ಣಿನ ಒಗಟು ಹೀಗೆ ಬಿಡುತ್ತದೆ. ಇದು ಬಹಳ ದಿನ ನಡೆದರೆ ಕಣ್ಣಿನ ಮೇಲ್ಮೈಯಲ್ಲಿ ಉರಿಯೂತವುಂಟಾಗುತ್ತದೆ. ಉರಿಯೂತದಿಂದ ಲೋಳೆ ಮತ್ತು ಎಣ್ಣೆ ಇನ್ನಷ್ಟು ಕೆಡುತ್ತವೆ.

ವೈದ್ಯರು ಅಳೆಯುವ ಬಗೆ

ಜರ್ಮನಿಯ ಒಟ್ಟೊ ಶಿರ್ಮರನು 1903ರಲ್ಲಿ ಪ್ರಕಟಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 5 ಮಿಲಿಮೀಟರು ಅಗಲದ ಸೋಸುಕಾಗದದ ಪಟ್ಟಿಯ ತುದಿಯನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಕಾಗದ ಎಷ್ಟು ಉದ್ದ ಒದ್ದೆಯಾಯಿತೆಂಬುದು ನೀರಿನ ಅಳತೆ. ಒದ್ದೆ 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ನೀರು ಕಡಿಮೆಯೆಂದು ಸಂಶಯಿಸುತ್ತಾರೆ. 5ಕ್ಕಿಂತ ಕಡಿಮೆಯಿದ್ದರೆ ಕೊರತೆ ಗಟ್ಟಿ. ಇನ್ನೊಂದು ಪರೀಕ್ಷೆಯಲ್ಲಿ ಫ್ಲೂರೆಸೀನ್ ಎಂಬ ಬಣ್ಣವನ್ನು ಕಣ್ಣಿಗೆ ಸೋಂಕಿಸಿ ನೀಲಿ ಬೆಳಕು ಬಿಡುತ್ತಾರೆ. ಕಣ್ಣೀರಿನ ಪದರ ಹಸುರಾಗಿ ಹೊಳೆಯುತ್ತದೆ. ರೆಪ್ಪೆ ಬಡಿಯದೆ ನಿಂತಾಗ ಆ ಹಸುರಿನಲ್ಲಿ ಮೊದಲ ಕಪ್ಪು ಕಲೆ ಕಾಣುವವರೆಗಿನ ಕಾಲವನ್ನು ಎಣಿಸುತ್ತಾರೆ. ಅದು 10 ಸೆಕೆಂಡಿಗಿಂತ ಕಡಿಮೆಯಿದ್ದರೆ ಪದರ ಅಸ್ಥಿರವೆಂದು ಅರ್ಥ.

ನಮ್ಮ ತಾಯಿಯವರ ಕಾಗದದ ಪಟ್ಟಿ 14 ಮಿಲಿಮೀಟರು ಒದ್ದೆಯಾಯಿತು, ನೀರಿಗೆ ಕೊರತೆಯಿರಲಿಲ್ಲ. ಆದರೆ ಹಸುರು ಪದರ ನಾಲ್ಕು ಸೆಕೆಂಡಿನಲ್ಲಿ ಹರಿಯಿತು. ರೆಪ್ಪೆಯ ಅಂಚನ್ನು ಒತ್ತಿದಾಗ ತಿಳಿಯಾದ ಎಣ್ಣೆಯ ಬದಲು ಹಲ್ಲುಜ್ಜುವ ಪೇಸ್ಟಿನಂತಹ ಬಿಳಿಯ ಸರಕು ಬಂದಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ಉಪಶಮನ

ಒಣಗಣ್ಣು ಬಹುಮಟ್ಟಿಗೆ ಒಮ್ಮೆಗೇ ವಾಸಿಯಾಗಿ ಹೋಗುವ ರೋಗವಲ್ಲ, ದಿನದಿನವೂ ಸುಧಾರಿಸಿಕೊಳ್ಳಬೇಕಾದದ್ದು. ಮಾಡತಕ್ಕ ಕೆಲಸಗಳು ಸುಲಭ. ಬಿಡದೆ ಮಾಡುವುದೇ ಕಷ್ಟ.

ಮೊದಲನೆಯದು ಶಾಖ. ಶುಚಿಯಾದ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ ಇಡಬೇಕು. ಸುಮಾರು 40 ಡಿಗ್ರಿ ಬಿಸಿ ಸಾಕು; ಮುಂಗೈಯ ಒಳಮಗ್ಗುಲಿಗೆ ಮುಟ್ಟಿಸಿದರೆ ಹಿತವಾಗಿರಬೇಕು, ಸುಡಬಾರದು. ಒದ್ದೆಬಟ್ಟೆ ಎರಡೇ ನಿಮಿಷದಲ್ಲಿ ಆರುವುದರಿಂದ ಮತ್ತೆ ಮತ್ತೆ ಅದ್ದುತ್ತ ಹತ್ತು ನಿಮಿಷ ಮುಂದುವರಿಸಬೇಕು. ಬಳಿಕ ಶುಚಿಯಾದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿಯೂ ಕೆಳಗಿನದನ್ನು ಮೇಲ್ಮುಖವಾಗಿಯೂ ಮೃದುವಾಗಿ ನೀವಿ, ರೆಪ್ಪೆಯ ಅಂಚನ್ನು ಒರೆಸಬೇಕು. ಕರಗಿದ ಎಣ್ಣೆ ಹೊರಬರಲು ಇದು ದಾರಿ. ದಿನಕ್ಕೆ ಎರಡು ಬಾರಿಯಂತೆ ಕೆಲವು ವಾರ ನಡೆಸಿದರೆ ಗುಣ ಕಾಣುತ್ತದೆ.

ಎರಡನೆಯದು ರೆಪ್ಪೆಬಡಿತ. ಓದುವಾಗ, ಮೊಬೈಲು ನೋಡುವಾಗ ರೆಪ್ಪೆಬಡಿತ ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಬಡಿದದ್ದೂ ಅರೆಬರೆ. ಶಹಾಪುರ, ವಡಗಾವಿಗಳಲ್ಲಿ ಮಗ್ಗದ ಮುಂದೆ ಎಳೆಯ ಮೇಲೆ ದೃಷ್ಟಿ ನೆಟ್ಟು ಕೂಡುವ ನೇಕಾರರಿಗೂ, ಪರೀಕ್ಷೆಗೆ ಓದುವ ನಿಮಗೂ ಇದು ಸಮಾನ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ಹತ್ತು ಬಾರಿ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಪುಸ್ತಕವನ್ನೂ ಪರದೆಯನ್ನೂ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಡಿರಿ. ಕೆಳಗೆ ನೋಡುವಾಗ ರೆಪ್ಪೆ ಇಳಿದು, ಗಾಳಿಗೆ ತೆರೆದ ಕಣ್ಣಿನ ಕ್ಷೇತ್ರ ಕಿರಿದಾಗುತ್ತದೆ; ಆವಿಯೂ ಅಷ್ಟು ಕಡಿಮೆ.

ಮೂರನೆಯದು ಗಾಳಿ ಮತ್ತು ಹೊಗೆ. ಫ್ಯಾನಿನ ಗಾಳಿ ಮುಖಕ್ಕೆ ನೇರವಾಗಿ ಬೀಸಬಾರದು. ದ್ವಿಚಕ್ರವಾಹನದ ಮೇಲೆ ಹೋಗುವವರು ಕನ್ನಡಕವನ್ನೋ ಶಿರಸ್ತ್ರಾಣದ ಮುಖಗಾಜನ್ನೋ ಬಳಸತಕ್ಕದ್ದು. ಒಲೆಯ ಹೊಗೆಗೆ ಹೊರದಾರಿ ಬೇಕು. ಖಾನಾಪುರದ ಕುಂಬಾರರ ಆವಿಗೆಯ ಬಳಿ ದುಡಿಯುವವರಿಗೂ ಈ ಮಾತು ಸಲ್ಲುತ್ತದೆ.

ನಾಲ್ಕನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಯಲುರೊನೇಟ್ ಮುಂತಾದ ಪದಾರ್ಥಗಳು ನೀರಿಗೆ ಸ್ನಿಗ್ಧತೆ ಕೊಟ್ಟು ಅದನ್ನು ಕಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತವೆ. ಒಮ್ಮೆಗೆ ಒಂದೇ ಹನಿ ಸಾಕು. ಎರಡನೆಯದು ಕೆನ್ನೆಗೆ ಹೋಗುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕಬೇಕಾದರೆ ಸಂರಕ್ಷಕ ರಾಸಾಯನಿಕವಿಲ್ಲದ ಬಗೆಯನ್ನು ವೈದ್ಯರಲ್ಲಿ ಕೇಳಿರಿ. ಸಂರಕ್ಷಕವೇ ಕಣ್ಣನ್ನು ಕೆರಳಿಸಬಲ್ಲದು. ಶೀಶೆಯ ಮೂತಿ ಕಣ್ಣಿಗಾಗಲಿ ಬೆರಳಿಗಾಗಲಿ ತಗಲಬಾರದು. ತೆರೆದ ಶೀಶೆಯನ್ನು ಅದರ ಮೇಲೆ ಬರೆದ ಅವಧಿ ಮೀರಿ ಬಳಸಬಾರದು. ಅಮೆರಿಕದಲ್ಲಿ 2023ರಲ್ಲಿ ಬ್ಯಾಕ್ಟೀರಿಯ ಸೇರಿದ ಕೃತಕ ಕಣ್ಣೀರಿನಿಂದ ಕೆಲವರು ದೃಷ್ಟಿಯನ್ನೇ ಕಳೆದುಕೊಂಡರೆಂಬುದನ್ನು ಮರೆಯಬಾರದು.

ಇವುಗಳಿಂದಲೂ ಗುಣವಾಗದಿದ್ದರೆ ಉರಿಯೂತವನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಹನಿ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಸಣ್ಣ ಬಿರಡೆ ಮುಂತಾದ ಉಪಾಯಗಳನ್ನು ವೈದ್ಯರು ಮಾಡುತ್ತಾರೆ.

ಮಾಡಬಾರದ್ದು

ಔಷಧದಂಗಡಿಯಿಂದ ಬಂದಿದ್ದ ಆ ಹನಿಯ ಕಥೆಯನ್ನು ಈಗ ಹೇಳಬೇಕು. ಅದರಲ್ಲಿದ್ದುದು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡು. ಸ್ಟೆರಾಯ್ಡು ಕೆಂಪನ್ನು ಬೇಗ ಇಳಿಸುವುದು ನಿಜ. ವೈದ್ಯರು ಕೆಲವೊಮ್ಮೆ ಅಳತೆಯಿಂದ, ಅಲ್ಪಕಾಲಕ್ಕೆ ಅದನ್ನು ಕೊಡುವುದೂ ಉಂಟು. ಆದರೆ ಮೇಲ್ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮ ಬರಬಹುದು. ಮೋತಿಬಿಂದು ಬೇಗ ಬೆಳೆಯಬಹುದು. ಗ್ಲಾಕೋಮದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ನಮ್ಮ ತಾಯಿಯವರ ಕಣ್ಣಿನ ಒತ್ತಡ ಮೇರೆಯನ್ನು ಸ್ವಲ್ಪ ಮೀರಿತ್ತು. ಹನಿ ನಿಲ್ಲಿಸಿದ ಆರು ವಾರಗಳಲ್ಲಿ ಇಳಿಯಿತು. ಇನ್ನೂ ನಾಲ್ಕು ತಿಂಗಳು ಹಾಗೆಯೇ ಸಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಭಯವಾಗುತ್ತದೆ. ವಿದ್ಯಾವಂತರಾದ ನಾವು ಆ ಶೀಶೆಯ ಮೇಲಿನ ಹೆಸರನ್ನು ಮೊದಲೇ ಓದಬಹುದಿತ್ತು, ಓದಿರಲಿಲ್ಲ.

ಕಣ್ಣಿಗೆ ಹರಳೆಣ್ಣೆ, ಜೇನು, ನಿಂಬೆರಸ ಬಿಡುವ ಮನೆಮದ್ದುಗಳನ್ನೂ ದೂರವಿಡಿರಿ. ಕಣ್ಣಿಗೆ ಎಣ್ಣೆಯ ಕೊರತೆಯಿದ್ದರೆ ಸೀಸೆಯ ಎಣ್ಣೆ ಹಾಕಬಾರದೇಕೆಂದು ನೀವು ಕೇಳಬಹುದು. ಸಾಮಾನ್ಯ ಎಣ್ಣೆ ನೀರಿನ ಮೇಲೆ ಗುಂಡುಗುಂಡಾಗಿ ನಿಲ್ಲುತ್ತದೆ. ರೆಪ್ಪೆಯ ಎಣ್ಣೆಯಲ್ಲಾದರೋ ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ಹಿಡಿಯಬಲ್ಲ ಅಣುಗಳಿದ್ದು, ಅವುಗಳ ಸಹಾಯದಿಂದಲೇ ಅದು ತೆಳುವಾಗಿ ಹರಡುತ್ತದೆ. ಅಡುಗೆಮನೆಯ ಎಣ್ಣೆ ಕ್ರಿಮಿರಹಿತವೂ ಅಲ್ಲ. ರೆಪ್ಪೆಯ ಅಂಚಿನ ಒಳಗೆ ಕಾಡಿಗೆ ತೀಡಿದರೆ ಗ್ರಂಥಿಗಳ ಬಾಯಿ ಮುಚ್ಚುತ್ತದೆ. ಮೀನೆಣ್ಣೆಯ ಮಾತ್ರೆಗಳ ವಿಷಯದಲ್ಲಿ, 2018ರಲ್ಲಿ ಅಮೆರಿಕದಲ್ಲಿ 535 ರೋಗಿಗಳ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯ ವರದಿ ಹೊರಬಂದಿತು. ಮೀನೆಣ್ಣೆ ತೆಗೆದುಕೊಂಡವರೂ ಹೋಲಿಕೆಗಾಗಿ ಆಲಿವ್ ಎಣ್ಣೆ ತೆಗೆದುಕೊಂಡವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸುಧಾರಿಸಿದ್ದರು.

ಕಣ್ಣಿನಲ್ಲಿ ತೀವ್ರವಾದ ನೋವು, ಬೆಳಕನ್ನು ಸಹಿಸಲಾಗದಿರುವುದು, ಕೀವು, ರೆಪ್ಪೆ ಬಡಿದರೂ ಹೋಗದ ಮಂಜು, ಒಂದೇ ಕಣ್ಣು ಹಠಾತ್ತನೆ ಕೆಂಪಾಗುವುದು—ಇವು ಕಂಡರೆ ಮನೆಯಲ್ಲಿ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕಣ್ಣಿನೊಡನೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ ಅದು ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ, ದೇಹದ ಗ್ರಂಥಿಗಳನ್ನೇ ಬಾಧಿಸುವ ರೋಗವಿರಬಹುದು.

ಕೊನೆಯ ಮಾತು

ಫ್ಯಾನಿನ ಕೆಳಗಿದ್ದ ಓದಿನ ಜಾಗ ಕಿಟಕಿಯ ಬದಿಗೆ ಬಂದಿದೆ. ಬಚ್ಚಲೊಲೆಗೆ ಹೊಗೆಕೊಳವೆ ಕೂಡಿದೆ. ಬೆಳಿಗ್ಗೆ, ರಾತ್ರಿ ಬಿಸಿಬಟ್ಟೆಯ ಶಾಖ ತಪ್ಪಿಲ್ಲ. ನಾಲ್ಕು ಸಾಲಿಗೆ ಮಂಜಾಗುತ್ತಿದ್ದ ಕಣ್ಣು ಈಗ ನಾಲ್ಕು ಪುಟ ಓದಬಲ್ಲದು; ಚುಚ್ಚುವ ದಿನಗಳು ಈಗಲೂ ನಡುನಡುವೆ ಬರುತ್ತವೆ. ಕಣ್ಣೊರೆಸಿಕೊಳ್ಳುವಾಗ ತಾಯಿಯವರು ತಾವೇ, “ನೀರು ಬಾಳ ಐತಿ, ಎಣ್ಣಿ ಇಲ್ಲ,” ಎಂದು ನಗುತ್ತಾರೆ.

ವಿದ್ಯಾರ್ಥಿಗಳು ಈ ತಿಂಗಳು ಮೂರು ಕೆಲಸಗಳನ್ನು ಮಾಡಿ ನೋಡಲಿ. ಎರಡು ತಟ್ಟೆಗಳ ಪ್ರಯೋಗವನ್ನು ತೂಕಸಹಿತ ಬರೆದಿಡಿರಿ. ಗೆಳೆಯನೊಬ್ಬನು ಮಾತನಾಡುವಾಗ ಮತ್ತು ಮೊಬೈಲು ನೋಡುವಾಗ ನಿಮಿಷಕ್ಕೆ ಎಷ್ಟು ಬಾರಿ ರೆಪ್ಪೆ ಬಡಿಯುತ್ತಾನೆಂದು, ಅವನಿಗೆ ತಿಳಿಸದೆ, ಎಣಿಸಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಿಮ್ಮ ಅಜ್ಜ ಅಜ್ಜಿಯರು ಕಣ್ಣಿಗೆ ಹಾಕಿಕೊಳ್ಳುತ್ತಿರುವ ಹನಿಯ ಶೀಶೆಯನ್ನು ಕೈಗೆತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ. ಅಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಕಂಡು, ವೈದ್ಯರ ಚೀಟಿ ಮನೆಯಲ್ಲಿ ಕಾಣದಿದ್ದರೆ, ಆ ಶೀಶೆಯೊಡನೆ ಅವರನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ. ಆ ಸಣ್ಣ ಅಕ್ಷರಗಳನ್ನು ಓದುವ ಕಣ್ಣು ಅವರಿಗಿಲ್ಲ, ನಿಮಗಿದೆ.